ಮರ್ಯಾದೆ ಮೇಷ್ಟ್ರಿಗೆ ಬಂದ ಫೋನು

ಬಟ್ಟೆ ಒಗೆಯುವ ಮಷಿನ್ ಕೆಟ್ಟುಹೋದವರ ಫೋನುಗಳಿಗೆ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುವ ಆ ಆಫೀಸಿನಲ್ಲಿ ಸೂಪರ್‌ವೈಸರನಿಗೆ ‘ಮರ್ಯಾದೆ ಮೇಷ್ಟ್ರು’ ಎಂಬ ಅಡ್ಡಹೆಸರಿತ್ತು. ಅವನಲ್ಲಿ ಮರ್ಯಾದೆ ಇತ್ತೆಂದಲ್ಲ, ಅದರ ಪಾಠ ಮಾಡುತ್ತಿದ್ದ, ಅಷ್ಟೇ. ಗಿರಾಕಿ ಬಾಯಿಗೆ ಬಂದಂತೆ ಬೈದರೆ ‘ಆಬ್ಲೆ ಕೋನ್ ರೆಸ್ಪೆತೊ, ಪೋರ್ ಫಾವೋರ್’ ಎನ್ನಬೇಕು. ದಯವಿಟ್ಟು ಮರ್ಯಾದೆಯಿಂದ ಮಾತಾಡಿ ಎಂದರ್ಥ. ‘ಆಬ್ಲಾ’ ಅಂದರೆ ಮಾತಾಡು. ಅದು ಮಕ್ಕಳಿಗೆ, ಗೆಳೆಯರಿಗೆ.

“ಗಿರಾಕಿಗೆ ಏಕವಚನ ಬಳಸಿದ್ರೆ ಚರ್ಮ ಸುಲೀತೀನಿ, ಗೊತ್ತಾಯ್ತೇನ್ರೋ ಕತ್ತೆಗಳಾ?” ಎಂದು ಪಾಠ ಮುಗಿಸುತ್ತಿದ್ದ, ಮಹಾನುಭಾವ.

ಕಿಟಕಿ ಪಕ್ಕದ ಸೀಟಿನವಳು ಇದನ್ನೆಲ್ಲ ನುಂಗಿಕೊಂಡೇ ಬಂದಿದ್ದಳು. ಅವಳ ಕೆಲಸ ಕಾಯಂ ಮಾಡುವುದು ಅವನ ಕೈಯಲ್ಲಿತ್ತು. ಗಂಡನ ಅಂಗಡಿ ಮುಚ್ಚಿತ್ತು; ಅತ್ತೆ ದಿನಾ ಬಾಗಿಲಲ್ಲೇ “ಕಾಯಂ ಆಯ್ತೇನಮ್ಮಾ?” ಎಂದು ಕೇಳುತ್ತಿದ್ದರು. ಹಾಗಾಗಿ ಅವನ ‘ಏನೇ’, ‘ಹೋಗೇ’ಗಳಿಗೆಲ್ಲ ಹಲ್ಲು ಕಚ್ಚಿಕೊಂಡು “ಸರಿ ಸಾರ್” ಎನ್ನುತ್ತಿದ್ದಳು. ಅವನ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಒಬ್ಬ ಅಜ್ಜಿಯ ಫೋನು. ಮಷಿನ್ನಿನಿಂದ ನೀರು ಸೋರಿ ಅಡುಗೆಮನೆಯೆಲ್ಲ ಕೆರೆಯಾಗಿತ್ತಂತೆ. ಅಜ್ಜಿ ಇವಳ ವಂಶವನ್ನೇ ಜಾಲಾಡಿದಳು. ಇವಳು ಮೆತ್ತಗೆ ‘ಆಬ್ಲೆ ಕೋನ್ ರೆಸ್ಪೆತೊ, ಪೋರ್ ಫಾವೋರ್’ ಎಂದಳು. ಅಜ್ಜಿ “ತಪ್ಪಾಯ್ತು ಮಗಳೇ” ಎಂದು ಇವಳು ಹೇಳಿದ ಪೈಪನ್ನು ಹುಡುಕತೊಡಗಿದಳು. ವಯಸ್ಸಾದ ಜೀವ, ಬಗ್ಗುವುದು ನಿಧಾನ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹಿಂದಿನಿಂದ ಬಂದು ಅವಳ ಮೈಕಿನ ಮೇಲೇ ಬಾಗಿ, “ಏನೇ ದಂಡಪಿಂಡ, ಒಂದು ಪೈಪಿಗೆ ಇಷ್ಟು ಹೊತ್ತಾ?” ಎಂದು ಗುಡುಗಿದ.

ಬೈಗುಳಕ್ಕೆ ಅನುವಾದ ಬೇಕೇ? “ಯಾರವನು? ಅವನಿಗೆ ಕೊಡು ಫೋನು” ಎಂದಳು ಅಜ್ಜಿ. ಇವಳು ಹೆಡ್‌ಫೋನ್ ತೆಗೆದು ಕೊಟ್ಟಳು. ಅಜ್ಜಿಯ ದನಿ ಪಕ್ಕದ ಸೀಟುಗಳಿಗೂ ಕೇಳಿಸಿತು: “ಆಬ್ಲಾ ಕೋನ್ ರೆಸ್ಪೆತೊ!” ದಯವಿಟ್ಟು ಇಲ್ಲ, ಬಹುವಚನವಂತೂ ಇಲ್ಲವೇ ಇಲ್ಲ. ಮೇಷ್ಟ್ರು “ಸೀ ಸೆನ್ಯೋರಾ, ಸೀ ಸೆನ್ಯೋರಾ” ಎಂದು ಹೂಂಗುಟ್ಟುತ್ತ ಹಲ್ಲುಗಿಂಜಿದ. ಅಕ್ಕಪಕ್ಕದವರು ಕಿಸಕ್ಕೆಂದರು.

ಫೋನು ಇಟ್ಟವನೇ ಅವಳ ಮೇಲೆ ಹರಿಹಾಯ್ದ. “ನನ್ನ ಮಾನ ಕಳೆದ್ಯಲ್ಲೇ! ನಿನ್ನ ಕೆಲಸ ಕಾಯಂ ಆಗಲ್ಲ, ನಡಿಯೇ ಮನೆಗೆ!”

ಅತ್ತೆಯ ಮುಖ ಅವಳ ಕಣ್ಣ ಮುಂದೆ ಬಂತು. ಆದರೂ ಎದ್ದು ನಿಂತಳು.

“ಹೋಗ್ತೀನಿ. ‘ನಿಮ್ಮ ಕೆಲಸ ಕಾಯಂ ಆಗಲ್ಲ, ನೀವು ಮನೆಗೆ ಹೋಗಿ’ ಅಂತ ಹೇಳಿ. ಅಲ್ಲೀವರೆಗೂ ಕದಲಲ್ಲ.”

ಅವನು ಬಾಯಿ ತೆರೆದ. ಇಡೀ ಆಫೀಸು ಆ ಬಾಯನ್ನೇ ನೋಡುತ್ತಿತ್ತು. ಸಂಜೆಯಾದರೂ ಆ ಮಾತು ಅವನಿಂದ ಹೊರಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ಅದೇ ಸೀಟಿನಲ್ಲಿ ಕೂತು ಫೋನು ಎತ್ತಿದಳು.