ಸಿದ್ದರಾಮನ ಬೆನ್ನು

ಹೂಲಿಯ ಸುತ್ತಮುತ್ತ ಹಟಮಾರಿ ಎತ್ತಿಗೂ, ಒಂದು ವಿಷಯದಲ್ಲೂ ಫೇಲಾಗದ ಹುಡುಗಿಗೂ, ಮೂರು ಸಲ ಆರಿಸಿಬಂದ ಪಂಚಾಯಿತಿ ಮೆಂಬರನಿಗೂ ಒಂದೇ ಮಾತು: "ಸಿದ್ದರಾಮನ ಬೆನ್ನು ಬಿಡ್ರಿ, ಮಣ್ಣ ಹತ್ತೂದಿಲ್ಲ." ಸವದತ್ತಿ ಬಸ್ಸಿನಲ್ಲಿ ಸೀಟು ಬಿಟ್ಟೇಳದವರಿಗೆ ಕಂಡಕ್ಟರನೂ ಇದನ್ನೇ ಅನ್ನುತ್ತಾನೆ. ಮಾತು ಸಿರಸಂಗಿಯ ಕುಸ್ತಿಯಲ್ಲಿ ಹುಟ್ಟಿತೆಂದು ಎಲ್ಲರೂ ಬಲ್ಲರು. ಹೇಗೆ ಹುಟ್ಟಿತೆಂದು ಬಲ್ಲವರು ಮೊನ್ನೆಯತನಕ ಇಬ್ಬರೇ ಇದ್ದರು. ಒಬ್ಬ ಸಿದ್ದರಾಮ ಪೈಲ್ವಾನ, ಲಕ್ವ ಹೊಡೆದು ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದವನು. ಇನ್ನೊಬ್ಬ ಅವನ ಗೆಳೆಯ ಮುತ್ತಪ್ಪ.

ಇಬ್ಬರೂ ಒಂದೇ ಗರಡಿಯವರು. ಕೆಡವಿದವನೇ ಬಿದ್ದವನನ್ನು ಎಬ್ಬಿಸಿ ಬೆನ್ನಿನ ಮಣ್ಣು ಒರೆಸಬೇಕೆಂಬುದು ಅಲ್ಲಿಯ ರೂಢಿ. ಮೂವತ್ತು ವರ್ಷದ ಹಿಂದೆ ಸಿರಸಂಗಿಯ ಕಡೆಯ ಕುಸ್ತಿಯಲ್ಲಿ ಇಬ್ಬರೂ ಎದುರಾದರು. ಮುತ್ತಪ್ಪ ಕೆಡವಿದ. ಸಿದ್ದರಾಮನ ಬೆನ್ನಿಗೆ ಮಣ್ಣು ಹತ್ತಿತು, ಎಂದರೆ ಸೋತಂತೆಯೇ. ಪಂಚರು ಆ ಬದಿಗೆ ಬರುವಷ್ಟರಲ್ಲಿ ಮುತ್ತಪ್ಪನ ಹಾಳು ಕೈ ರೂಢಿಯಂತೆ ಗೆಳೆಯನ ಬೆನ್ನು ಒರೆಸಿಬಿಟ್ಟಿತ್ತು!

"ಮಣ್ಣಿಲ್ಲ, ಹಿಡೀರಿ" ಎಂದರು ಪಂಚರು. ಸಿದ್ದರಾಮನ ಮುಖ ನೋಡಿ ಮುತ್ತಪ್ಪನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಮುಂದಿನ ಪಟ್ಟು ಬೀಳುತ್ತಲೇ ಬೇಕೆಂದೇ ತಾನು ಬಿದ್ದ. ಆ ಬೆನ್ನಿಗೆ ಮಣ್ಣೇ ಹತ್ತುವುದಿಲ್ಲ ಎನ್ನುತ್ತ ಊರು ಸಿದ್ದರಾಮನನ್ನು ಹೆಗಲ ಮೇಲೆ ಹೊತ್ತು ತಂದಿತು. ಅಂದಿನಿಂದ ಸಿದ್ದರಾಮ ಒಂದು ಕುಸ್ತಿಯನ್ನೂ ಹಿಡಿಯಲಿಲ್ಲ. ಹೆಸರು ಬಂದು ಸೊಕ್ಕೇರಿದೆ ಎಂದುಕೊಂಡಿದ್ದ ಮುತ್ತಪ್ಪ.

ಹೋದ ಗುರುವಾರ ಸಿದ್ದರಾಮ ತೊದಲುತ್ತ ಮುತ್ತಪ್ಪನನ್ನು ಹತ್ತಿರ ಕರೆದ.

"ಗರಡಿ ಮಣ್ಣ ತಾ. ನನ್ನ ಬೆನ್ನಿಗೆ ಹಚ್ಚು."

"ಯಾಕಲೇ?"

"ಅವತ್ತ ನೀ ಒರಸಿದಿ. ನನಗ ಗೊತ್ತಿತ್ತು. ಸೋತಿದ್ರ ಮುಂದಿನ ವಾರಾನ ಮತ್ತ ಹಿಡೀತಿದ್ದೆ. ಮಂದಿ ಮಾತು ಸುಳ್ಳಾದೀತಂತ ಹೆದರಿ ಕುಂತೆ. ಮೂವತ್ತ ವರ್ಷ ಕುಂತೆ."

ಗೆಳೆಯನಿಗೆ ಮಾಡಿದ ಉಪಕಾರವೆಂದು ಮುತ್ತಪ್ಪ ಇಷ್ಟು ದಿನ ನೆನೆನೆನೆದು ಹಿಗ್ಗಿದ್ದೇ ಆ ಗೆಳೆಯನ ಬಾಳನ್ನು ತಿಂದಿತ್ತು. ಮರುದಿನವೇ ಟವೆಲ್ಲಿನಲ್ಲಿ ಕೆಂಪು ಮಣ್ಣು ಕಟ್ಟಿಕೊಂಡು ಬಂದ. ಸಿದ್ದರಾಮನ ಹೆಂಡತಿ ಕೃಷ್ಣವ್ವ ಬಾಗಿಲಲ್ಲೇ ತಡೆದಳು.

"ಬ್ಯಾಡ್ರಿ ಅಣ್ಣಾರ. ಈ ಮನ್ಯಾಗ ಉಳದದ್ದು ಅದೊಂದ ಹೆಸರು. ಸಾಯೂ ಮುಂದ ಬೆನ್ನಿಗೆ ಮಣ್ಣ ಹಚ್ಚಿದ್ರಂತ ಮಂದಿ ಆಡಿಕೊಳ್ಳೂದು ಬ್ಯಾಡ. ನಿಮ್ಮ ಕಾಲ ಬೀಳತೇನಿ."

"ಮುತ್ತಪ್ಪಾ..." ಎಂದು ಒಳಗಿಂದ ಸಿದ್ದರಾಮನ ಧ್ವನಿ ಬಂತು.

"ನಾಳಿ ಬರತೇನೋ" ಎಂದು ಕೂಗಿ ಹೇಳಿ ಮುತ್ತಪ್ಪ ಗಂಟಿನೊಂದಿಗೆ ಹಿಂದಿರುಗಿದ. ಮರುದಿನ ಬೆಳಗಾಗುವಷ್ಟರಲ್ಲಿ ಸಿದ್ದರಾಮ ತೀರಿಕೊಂಡಿದ್ದ.

ಅವರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಹೆಣ ಕೂಡಿಸಲು ಕುಣಿಗೆ ಗಟ್ಟಿಗರು ಇಳಿಯಲಿ ಎಂದು ಮಂದಿ ಅಂದರೂ, ಅರವತ್ತು ದಾಟಿದ ಮುತ್ತಪ್ಪ ಯಾರ ಮಾತನ್ನೂ ಕೇಳದೆ ಇಳಿದ. ಹಿಂದಿನಿಂದ ಎರಡೂ ಕಂಕುಳಿಗೆ ಕೈಹಾಕಿ ಗೆಳೆಯನನ್ನು ಹಿಡಿದ. ಸಾವಿರ ಸಲ ಹಿಡಿದ ಮೈ. ಈಗ ಬರೀ ಎಲುಬು.

"ಕಡೀತನಕ ಮಣ್ಣ ಹತ್ತಲಿಲ್ಲ ನೋಡ್ರಿ ಆ ಬೆನ್ನಿಗೆ" ಎಂದು ಮೇಲೆ ಯಾರೋ ಅಂದರು.

ಹೆಣ ಕೂತ ಮೇಲೆ ಮುತ್ತಪ್ಪ ನಡುವಿಗೆ ಕಟ್ಟಿಕೊಂಡಿದ್ದ ಟವೆಲ್ಲಿನ ಗಂಟು ಬಿಚ್ಚಿ, ಹಿಡಿ ಗರಡಿ ಮಣ್ಣನ್ನು ಅಂಗಿಯೊಳಗೆ ಬೆನ್ನಿಗೆ ಒತ್ತಿದ. ಕುಣಿಯ ಅಂಚಿನಲ್ಲಿದ್ದ ಕೃಷ್ಣವ್ವ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು, ಬೇಡವೆನ್ನಲಿಲ್ಲ. ರೂಢಿಯಂತೆ ಒರೆಸಲು ಮುತ್ತಪ್ಪನ ಕೈ ತಾನಾಗಿಯೇ ಮುಂದೆ ಬಂತು. ಅದನ್ನು ಹಿಂದಕ್ಕೆಳೆದುಕೊಂಡು ಗೆಳೆಯನ ಕಿವಿಗೆ ಬಾಯಿಟ್ಟ.

"ಸೋತಿ ನೋಡಲೇ ಸಿದ್ಯಾ. ಮುಂದಿನ ವಾರ ಮತ್ತ ಹಿಡಿಯೂಣು" ಎಂದು ಬಿಕ್ಕಿಬಿಕ್ಕಿ ಅತ್ತ.