ಒಂಬತ್ತರ ಗೆರೆ

ನನಗೆ ಬಾಯಿ ಜಾಸ್ತಿ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೈದಾನದಲ್ಲಿ ಬಾಟಲಿಗಳು ಹಾರಿದ ದಿನ ಮನೆಗೆ ಬಂದವಳೇ ಪೂರ್ವದ ಗ್ಯಾಲರಿಯ ಜನರನ್ನೆಲ್ಲ ವಂಶ ಸಮೇತ ಬೈದೆ.

"ಆಟ ನೋಡೋಕೆ ಬರ್ತಾರೋ, ಯುದ್ಧಕ್ಕೆ ಬರ್ತಾರೋ? ಎಸೆದೋರ ಕೈ ಮುರೀಬೇಕು!"

ನಮ್ಮವರು ಗೋಡೆಗೆ ಒರಗಿ ಕೂತು ಸುಮ್ಮನೆ ನೀರು ಕುಡಿಯುತ್ತಿದ್ದರು. ಅವರು ಹಾಗೆ ಸುಮ್ಮನಿದ್ದರೆ ನನಗೆ ಇನ್ನಷ್ಟು ರೇಗುತ್ತದೆ.

ನಮ್ಮವರು ಆ ಕ್ರಿಕೆಟ್ ಮೈದಾನದ ಸ್ಕೋರ್ ಬೋರ್ಡಿನವರು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ, ಅದೇ ಪ್ರಾಣ. ಬೇರೆ ಕಡೆ ದೀಪದ ಬೋರ್ಡು ಬಂದಿದೆಯಂತೆ, ನಮ್ಮದು ಇನ್ನೂ ತಗಡಿನದು. ಬೋರ್ಡಿನ ಹಿಂದೆ ಒಂದು ಗೂಡಿನಂಥ ಕೋಣೆ, ಒಂದು ಏಣಿ, ಕಪಾಟಿನ ತುಂಬ ಅಂಕಿಯ ತಗಡುಗಳು. ತಗಡನ್ನು ಒಳಗಿನಿಂದ ಕಿಂಡಿಗೆ ತೂರಿಸಿದರೆ ಅಂಕಿ ಜನರಿಗೆ ಕಾಣುತ್ತದೆ, ಒಳಗಿರುವವರಿಗೆ ಕಾಣುವುದು ಅದರ ಬೆನ್ನು ಮಾತ್ರ. ಹಾಗಾಗಿ ಹೊಸ ಗುರಿ ಹಾಕಿದಾಗೆಲ್ಲ ನಮ್ಮವರು ಏಣಿ ಇಳಿದು, ಸುತ್ತು ಹಾಕಿ, ಮುಂದೆ ಹೋಗಿ ಒಂದು ಸಲ ನೋಡಿ ಬರುತ್ತಾರೆ.

ನಾನು ಹೊಲಿಗೆಯವಳು. ಆಟವಿದ್ದ ದಿನ ಅವರ ಊಟದ ಡಬ್ಬಿ ಹಿಡಿದು ಆ ಗೂಡಿಗೆ ಹೋಗುತ್ತೇನೆ. ಆ ಸಲ ಹಿಂದಿನ ದಿನವೇ ಹೋಗಿದ್ದೆ. ಒಳಗೆ ಬೆರಳಿಟ್ಟರೆ ಅಚ್ಚು ಬೀಳುವಷ್ಟು ಧೂಳು! ಅವರು ಮೈದಾನದಲ್ಲಿ ಯಾರ ಜೊತೆಯೋ ಹರಟುತ್ತಿದ್ದಾಗ ನೆಲ ಗುಡಿಸಿದೆ, ಕಪಾಟು ಒರೆಸಿದೆ, ತಗಡುಗಳನ್ನು ಒಂದೊಂದಾಗಿ ಇಳಿಸಿ ಹಿಂದೆ ಮುಂದೆ ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಯಾರೂ ಹೇಳಿರಲಿಲ್ಲ. ಹೇಳಿಸಿಕೊಂಡು ಕೆಲಸ ಮಾಡುವ ಜಾಯಮಾನ ನನ್ನದಲ್ಲ.

ಮರುದಿನ ಎದುರಿನ ತಂಡದವರು ಆಡಿ ಮುಗಿಸಿದರು. ನಮ್ಮ ತಂಡಕ್ಕೆ ಗುರಿ ನೂರಾ ಎಪ್ಪತ್ತೊಂಬತ್ತು. ನಮ್ಮವರು ಗುರಿಯ ತಗಡುಗಳನ್ನು ತೂರಿಸಿ, ಕೊನೆಯದನ್ನು ಯಾಕೋ ಎರಡು ಸಲ ತಿರುಗಿಸಿ ನೋಡಿ, ಇಳಿದು ಬಂದರು.

"ಮುಂದೆ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀನಿ ಕಣೇ."

"ಅಯ್ಯೋ, ಇಪ್ಪತ್ತೆಂಟು ವರ್ಷ ಹಾಕಿದ್ದು ಸಾಲ್ದಾ? ಊಟ ತಣ್ಣಗಾಗುತ್ತೆ, ಕೂತ್ಕೊಳ್ರೀ!"

ಕೂತರು. ನಾನು ಜೋರಾಗಿ ಹೇಳಿದರೆ ಅವರು ಕೂರುತ್ತಾರೆ. ಕೈ ತೊಳೆಯುವಷ್ಟರಲ್ಲಿ ಆಟ ಶುರುವಾಗಿತ್ತು.

ಸಂಜೆ ಹೊರಗೆ ಒಮ್ಮೆಲೇ ಹೋ ಎಂಬ ಸದ್ದು, ಕುಣಿತ, ಸಿಳ್ಳೆ. ಗೆದ್ದೆವೆಂದು ನಾನೂ ಚಪ್ಪಾಳೆ ಹೊಡೆದೆ. ಅಂಪೈರು ಮಾತ್ರ ಆಟ ನಿಲ್ಲಿಸಲಿಲ್ಲವಂತೆ. ಮುಂದಿನ ಎಸೆತಕ್ಕೇ ನಮ್ಮ ಕೊನೆಯ ವಿಕೆಟ್ ಬಿತ್ತು. ಮೊದಲು ಬೈಗುಳ, ಆಮೇಲೆ ಬಾಟಲಿ. ಬೌಂಡರಿಯಲ್ಲಿ ಗ್ಯಾಲರಿಗೆ ಬೆನ್ನು ಹಾಕಿ ನಿಂತಿದ್ದ ಎದುರಾಳಿ ಆಟಗಾರ ಏನು ಗಲಾಟೆ ಎಂದು ತಿರುಗಿದ. ಹುಬ್ಬಿನ ಮೇಲೆ ಬಿತ್ತು. ನಾಲ್ಕು ಹೊಲಿಗೆ.

ಎರಡು ದಿನ ಕಳೆದು ನಮ್ಮ ಬೀದಿಯ ಇಸ್ತ್ರಿಯವನು ಬಾಗಿಲಿಗೆ ಬಂದ. ಮುಖ ಬಾಡಿತ್ತು.

"ಅಕ್ಕಾ, ಆ ಬಾಟಲಿ ನಂದೇ. ಫೋಟೋದಲ್ಲಿ ಸಿಕ್ಕಿದೀನಿ. ನಾಳೆ ಕ್ಲಬ್ಬಿನ ಸೆಕ್ರೆಟರಿ ಕರೆದಿದಾರೆ, ಪೊಲೀಸಿಗೆ ಕೊಡ್ತಾರಂತೆ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಹೇಳಿದ: "ಬೋರ್ಡಲ್ಲಿ ಗುರಿ ನೂರಾ ಎಪ್ಪತ್ತಾರು ಅಂತಿತ್ತಲ್ಲಕ್ಕಾ. ಎಪ್ಪತ್ತಾರು ಹೊಡೆದ್ರೂ ಸೋತ್ರಿ ಅಂದ್ರೆ ಮೋಸ ಅಂದ್ಕೊಂಡ್ವಿ. ಪೆವಿಲಿಯನ್ ಬೋರ್ಡಿನ ಪಕ್ಕಾನೇ, ಅಲ್ಲಿದ್ದೋರಿಗೆ ಅದು ಕಾಣಲ್ಲ. ಕಂಡಿದ್ದು ನಮ್ಮ ಪೂರ್ವದ ಗ್ಯಾಲರಿಗೆ ಮಾತ್ರ."

ಒಳಗಿದ್ದ ನಮ್ಮವರ ಕಡೆ ತಿರುಗಿದೆ. ಅವರು ನನ್ನ ಮುಖ ನೋಡಲಿಲ್ಲ. "ನನ್ನ ಕಣ್ಣು ಮಂಜಾಗಿದೆ ಕಣೇ. ನಾಳೆ ಸೆಕ್ರೆಟರಿಗೆ ಹೇಳಿ ಬೋರ್ಡ್ ಬಿಟ್ಟುಕೊಡ್ತೀನಿ" ಎಂದರು.

ಕಣ್ಣು ಮಂಜಂತೆ! ಆ ದಿನ ಬೆಳಿಗ್ಗೆ ತಾನೇ ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟವರು ಅವರು. ಇದರಲ್ಲಿ ಏನೋ ಇದೆ ಅನ್ನಿಸಿತು. ಅವರು ಹಾಲು ತರಲು ಹೋದಾಗ ಬೀಗದ ಕೈ ತೆಗೆದುಕೊಂಡು ನೆಟ್ಟಗೆ ಮೈದಾನಕ್ಕೆ ಹೋದೆ.

ಕಪಾಟಿನಲ್ಲಿ ಎಲ್ಲ ಅಂಕಿಗೂ ಬೇರೆ ಬೇರೆ ಖಾನೆ, ಆರು ಮತ್ತು ಒಂಬತ್ತಕ್ಕೆ ಮಾತ್ರ ಒಂದೇ. ಆ ತಗಡು ಹೀಗಿಟ್ಟರೆ ಆರು, ತಲೆಕೆಳಗು ಮಾಡಿದರೆ ಒಂಬತ್ತು. ಹೊರಗೆಳೆದು ಬೆನ್ನು ನೋಡಿದೆ. ಒಂದು ಅಂಚಿನಲ್ಲಿ ಸೀಮೆಸುಣ್ಣದ ಸಣ್ಣ ಗೆರೆ, ಹೊಚ್ಚ ಹೊಸದು. ಒಂಬತ್ತು ಬೇಕಾದರೆ ಈ ಗೆರೆ ಮೇಲಕ್ಕೆ ಬರಬೇಕು, ಅದು ಅವರ ಗುರುತು. ಹಳೆಯ ಗೆರೆ ಎಲ್ಲಿ ಹೋಯಿತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದನ್ನು ಉಜ್ಜಿದವಳು ನಾನು. ಮುಂದೆ ಹೋಗಿ ನೋಡಲು ಎದ್ದವರನ್ನು ಹಿಡಿದು ಕೂರಿಸಿದವಳೂ ನಾನೇ.

ಆ ಏಣಿಯ ಕೆಳಗೇ ಕೂತು ಅತ್ತೆ. ಗೆರೆ ಅಳಿಸಿದ್ದಕ್ಕಲ್ಲ. ಎರಡು ದಿನದಿಂದ ನಾನು ಊರವರ ಕೈ ಮುರಿಯುತ್ತಾ ಕೂತಿದ್ದೆ, ಆ ಮನುಷ್ಯ ಒಂದು ಮಾತು ಎತ್ತಿರಲಿಲ್ಲ. ನನ್ನ ಹೆಸರು ಬರಬಾರದೆಂದು ತಮ್ಮ ಬೋರ್ಡನ್ನೇ ಕೊಟ್ಟುಬಿಡಲು ಹೊರಟಿದ್ದರು.

ಮರುದಿನ ಕರೆಯದಿದ್ದರೂ ನಾನೂ ಹೋದೆ. ಸೆಕ್ರೆಟರಿಯ ಕೋಣೆಯಲ್ಲಿ ಇಸ್ತ್ರಿಯವನು, ಹುಬ್ಬಿಗೆ ಪಟ್ಟಿ ಹಾಕಿಕೊಂಡ ಆಟಗಾರ, ನಮ್ಮವರು. ನಮ್ಮವರು ಕೈ ಕಟ್ಟಿ ನಿಂತು ಶುರುಮಾಡಿದರು: "ಸಾರ್, ನನ್ನ ಕಣ್ಣು ಮೊದಲಿನ ಹಾಗಿಲ್ಲ. ಬೋರ್ಡ್ ತಪ್ಪು ಹಾಕಿದ್ದು..."

"ಸುಳ್ಳು ಸಾರ್!" ಎಂದೆ. "ಇವರ ಕಣ್ಣಿಗೇನೂ ಆಗಿಲ್ಲ, ಸೂಜಿಗೆ ದಾರ ಪೋಣಿಸೋದು ಇವರೇ! ಬೇಕಾದ್ರೆ ಇಲ್ಲೇ ನೋಡಿ." ಚೀಲದಿಂದ ಸೂಜಿ ದಾರ ತೆಗೆದು ಮೇಜಿನ ಮೇಲಿಟ್ಟೆ. ಗುರುತು ಅಳಿಸಿದ್ದನ್ನು, ಊಟಕ್ಕೆ ಕೂರಿಸಿದ್ದನ್ನು ಹೇಳಿದೆ. "ಇವರಿಂದ ಬೋರ್ಡ್ ಕಿತ್ಕೋಬೇಡಿ. ತಪ್ಪು ನಂದು."

"ನೀನು ಸುಮ್ನಿರೇ" ಎಂದರು ನಮ್ಮವರು. "ಗೆರೆ ಇಲ್ಲ ಅಂತ ಗೊತ್ತಾದ ಮೇಲೂ ಹೋಗಿ ನೋಡದೆ ಉಂಡಿದ್ದು ನಾನು."

ಇಸ್ತ್ರಿಯವನು ತಲೆ ತಗ್ಗಿಸಿಕೊಂಡೇ ಹೇಳಿದ: "ಅಣ್ಣಾ, ಅಕ್ಕಾ, ಬಿಡಿ. ಬೋರ್ಡ್ ನೋಡಿ ಸಿಟ್ಟು ಬಂತು, ನಿಜ. ಬಾಟಲಿ ಎತ್ತಿದ್ದು ನನ್ನ ಕೈ. ಅದನ್ನ ಯಾರ ತಲೆಗೂ ಕಟ್ಟಲ್ಲ ನಾನು."

ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡರು. "ಇದೇನ್ರೀ ಇದು! ಯಾವಾಗ್ಲೂ ನಾನಲ್ಲ ನಾನಲ್ಲ ಅನ್ನೋರನ್ನೇ ನೋಡಿದ್ದೆ."

ಆಗ ಪಟ್ಟಿಯ ಆಟಗಾರ ಬಾಯಿಬಿಟ್ಟ. "ಹೊಲಿಗೆ ಬಿದ್ದಿದ್ದು ನನಗೆ, ನನ್ನ ಮಾತೂ ಕೇಳಿ. ಮುಂದಿನ ತಿಂಗಳು ಇಲ್ಲೇ ಆಟ ಇದೆ. ಆ ಗ್ಯಾಲರಿಗೆ ಬೆನ್ನು ಹಾಕಿ ನಿಲ್ಲೋನು ನಾನೇ. ಬಾಟಲಿ ಎಸೆದ ಇವರನ್ನ ಹೊರಗೆ ಹಾಕ್ಬೇಡಿ. ಮೊದಲನೇ ಸಾಲಲ್ಲಿ, ಸರಿಯಾಗಿ ನನ್ನ ಹಿಂದೆ ಕೂರಿಸಿ. ನನ್ನ ಬೆನ್ನು ಇವರ ಜವಾಬ್ದಾರಿ."

ಇಸ್ತ್ರಿಯವನು ಅಲ್ಲೇ ಗಳಗಳ ಅತ್ತುಬಿಟ್ಟ. ಸೆಕ್ರೆಟರಿ ಪೊಲೀಸಿನ ಮಾತು ಬಿಟ್ಟರು. ಗ್ಯಾಲರಿಗೆ ಬಾಟಲಿ ತರುವಂತಿಲ್ಲ, ಆಟಕ್ಕೆ ಮುಂಚೆ ಬಾಗಿಲಲ್ಲಿ ನಿಂತು ಅದನ್ನು ಇಸಿದುಕೊಳ್ಳುವ ಕೆಲಸ ವರ್ಷವಿಡೀ ಇಸ್ತ್ರಿಯವನದು ಎಂದರು. ಬೋರ್ಡಿನ ಬಗ್ಗೆ ಏನೂ ಹೇಳದೆ ಸೂಜಿ ದಾರವನ್ನು ನಮ್ಮವರ ಕಡೆ ತಳ್ಳಿದರು. ನಮ್ಮವರು ಒಂದೇ ಸಲಕ್ಕೆ ಪೋಣಿಸಿದರು.

"ಹೋಗಿ, ಬೋರ್ಡ್ ನೋಡ್ಕೊಳ್ಳಿ" ಎಂದರು ಸೆಕ್ರೆಟರಿ.

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. "ಹುಷಾರಿದೀಯಾ?" ಎಂದು ನಮ್ಮವರು ಎರಡು ಸಲ ಕೇಳಿದರು. ಮನೆಗೆ ಬಂದು ಕೆಂಪು ಬಟ್ಟೆಯ ಒಂದು ಪಟ್ಟಿ ಕತ್ತರಿಸಿದೆ, ಗೂಡಿಗೆ ಒಯ್ದು, ಆ ತಗಡಿನ ಗೆರೆಯ ಅಂಚಿನಲ್ಲಿ ತೂತು ಹೊಡೆದು ಬಿಗಿಯಾಗಿ ಹೊಲಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ ಈಗ.

ಮುಂದಿನ ತಿಂಗಳ ಆಟದಲ್ಲಿ ಬಂದ ಗುರಿ ನೂರಾ ನಲವತ್ತೊಂಬತ್ತು. ನಮ್ಮವರು ಕೆಂಪು ಪಟ್ಟಿ ಮೇಲೆ ಮಾಡಿ ತಗಡು ತೂರಿಸಿದರು. ಹೊರಗೆ ಪೂರ್ವದ ಗ್ಯಾಲರಿಯಿಂದ ಇಸ್ತ್ರಿಯವನ ಕೂಗು ಕೇಳಿಸಿತು: "ಅಕ್ಕಾ, ಒಂಬತ್ತು ನೆಟ್ಟಗಿದೆ!" ಅವನ ಹಿಂದೆ ಇಡೀ ಗ್ಯಾಲರಿ ಅದನ್ನೇ ಕೂಗಿ ನಕ್ಕಿತು. ನಾನು ಬೈದ ಜನ, ಅವರೇ.

ನಮ್ಮವರು ಇಳಿದು ಬಂದು ಡಬ್ಬಿಯ ಮುಂದೆ ಕೂತರು. "ಅಷ್ಟು ಜನ ಹೇಳಿದ ಮೇಲೆ ಇನ್ನೇನು" ಎಂದು ಮುಚ್ಚಳಕ್ಕೆ ಕೈ ಹಾಕಿದರು.

ನಾನು ಡಬ್ಬಿಯನ್ನು ಅವರ ಮುಂದಿನಿಂದ ಎತ್ತಿಕೊಂಡೆ.

"ತಣ್ಣಗಾದ್ರೆ ಆಗ್ಲಿ. ಏಳಿ, ನಾನೂ ಬರ್ತೀನಿ. ಮುಂದೆ ಹೋಗಿ ನೋಡ್ಕೊಂಡು ಬಂದು ಇಬ್ರೂ ಉಣ್ಣೋಣ."