ಹುಲಿಯಮ್ಮನ ಎಲೆ ತಟ್ಟೆ

ಹುಲಿಯಮ್ಮನ ಬಲಗೆನ್ನೆಯ ಒಳಗೆ ಒಂದು ಬಿಳಿ ಕಲೆ ಇತ್ತು. ಊರಿನ ಶಾಲೆಯಲ್ಲಿ ಹಲ್ಲಿನ ತಪಾಸಣೆ ಶಿಬಿರ ನಡೆದಾಗ ಡಾಕ್ಟರು ಅದಕ್ಕೆ ಬ್ಯಾಟರಿ ಬಿಟ್ಟು ನೋಡಿ, "ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಮಾಡಿಸಲೇಬೇಕು, ಹೊಗೆಸೊಪ್ಪನ್ನು ಇವತ್ತೇ ಬಿಡಬೇಕು" ಎಂದಿದ್ದರು. ಆಗ ಚಳಿಗಾಲ. ಈಗ ಗೇರುಹಣ್ಣು ಉದುರುವ ಕಾಲ ಬಂದರೂ ಹುಲಿಯಮ್ಮ ಶಿವಮೊಗ್ಗಕ್ಕೆ ಹೋಗಿರಲಿಲ್ಲ, ಹೊಗೆಸೊಪ್ಪನ್ನೂ ಬಿಟ್ಟಿರಲಿಲ್ಲ. ಆ ಕಲೆ ಇನ್ನೂ ಬರೀ ಕಲೆಯೋ ಅಥವಾ ಬೇರೇನಾದರೂ ಆಗಿದೆಯೋ, ಯಾರಿಗೂ ಗೊತ್ತಿಲ್ಲ.

ಆನಂದಪುರದಿಂದ ಒಳಗೆ ಹೋದರೆ ಸಿಗುವ ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಸುಚಿತ್ರಾಳೇ ಸಿಸ್ಟರ್. ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಹುಡುಗಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಹುಲಿಯಮ್ಮನ ಜಗಲಿಗೆ ಹೋದಾಗಲೆಲ್ಲ ಮೊಬೈಲಿನಲ್ಲಿ ಕೊಳೆತ ದವಡೆಗಳ ಚಿತ್ರ ತೋರಿಸಿ, ಕ್ಯಾನ್ಸರ್ ಎಂದರೇನು ಎಂದು ಮೊದಲಿಂದ ಕೊನೆಯವರೆಗೆ ವಿವರಿಸಿ, ಬಾಯೊಣಗಿಸಿಕೊಂಡು ಬರುತ್ತಿದ್ದಳು. ಹುಲಿಯಮ್ಮ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು, "ಹ್ಞೂಂ ಸಿಸ್ಟ್ರೇ, ಹೋಗಾಣ" ಎನ್ನುತ್ತಿದ್ದರು. ಬಾಯಿ ತೋರಿಸಿ ಎಂದರೆ ಮಾತ್ರ, "ಇವತ್ತು ಬ್ಯಾಡ, ಒಲೆ ಮೇಲೆ ಅನ್ನ ಇಟ್ಟೀನಿ" ಎಂದು ಎದ್ದುಬಿಡುತ್ತಿದ್ದರು.

ಅಷ್ಟರಲ್ಲಿ ಸಾಗರದಲ್ಲಿ ತರಬೇತಿಗೆ ಕರೆ ಬಂತು. ರೋಗಿಗಳು ಕುಡಿತ, ಬೀಡಿ, ಹೊಗೆಸೊಪ್ಪು ಬಿಡುವಂತೆ ಹೇಗೆ ಮಾತಾಡಬೇಕು ಎಂಬುದರ ಬಗ್ಗೆ. ಸುಚಿತ್ರಾ ಆಶಾ ಕಾರ್ಯಕರ್ತೆ ಜಲಜಮ್ಮನನ್ನೂ ಕರೆದುಕೊಂಡು ಹೊರಟಳು. "ಮಾತಾಡೋದನ್ನ ನಿಮಗೆ ಕಲ್ಸಕ್ಕೆ ಯಾರಪ್ಪ ಹುಟ್ಟಿದ್ದು!" ಎಂದು ಬಸ್ಸಿನಲ್ಲಿ ಜಲಜಮ್ಮ ನಕ್ಕಿದ್ದೇ ನಕ್ಕಿದ್ದು.

ಹಾಗೆ ಕಲಿಸಲು ಹುಟ್ಟಿದವರು ಹೊಸನಗರದ ಡಾಕ್ಟರ್ ರಕ್ಷಾ. ಅವರು ಪಾಠ ಮಾಡಲಿಲ್ಲ, ಆಟ ಆಡಿಸಿದರು. ಒಬ್ಬರು ರೋಗಿ, ಒಬ್ಬರು ನರ್ಸ್. ಜಲಜಮ್ಮ ತಾನೇ ಮುಂದೆ ಬಂದು, "ನಾನು ನಮ್ಮೂರ ತಿಮ್ಮಣ್ಣ. ಬೀಡಿ ಸೇದ್ತೀನಿ" ಎಂದು ಕುರ್ಚಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತಳು. ಸುಚಿತ್ರಾ ಶ್ವಾಸಕೋಶದಿಂದ ಶುರು ಮಾಡಿದಳು. ರಕ್ತನಾಳಕ್ಕೆ ಬಂದಳು. ಹೆಂಡತಿ ಮಕ್ಕಳ ಭವಿಷ್ಯಕ್ಕೆ ಬರುವಷ್ಟರಲ್ಲಿ ಜಲಜಮ್ಮ ಆಕಳಿಸಿ, "ಮುಗೀತಾ ಸಿಸ್ಟ್ರೇ? ಅಷ್ಟ್ರಲ್ಲಿ ನಂದು ಇನ್ನೊಂದು ಬೀಡಿ ಆತು" ಎಂದಳು.

ಕೋಣೆಯೆಲ್ಲ ನಗು.

ಡಾಕ್ಟರ್ ರಕ್ಷಾ ನಗುತ್ತಲೇ ಕೇಳಿದರು: "ತಿಮ್ಮಣ್ಣ ಬೀಡಿ ಯಾಕೆ ಸೇದ್ತಾರೆ ಅಂತ ನಿಮಗೆ ಗೊತ್ತಾಯ್ತಾ?"

"ಚಟ ಅಲ್ವಾ ಮೇಡಂ?"

"ಅದು ನಿಮ್ಮ ಉತ್ತರ. ಅವರದ್ದು?"

ಎಲ್ಲರೂ ಜಲಜಮ್ಮನ ಕಡೆ ತಿರುಗಿದರು. ತಮಾಷೆಗೆಂದು ತಿಮ್ಮಣ್ಣನಾಗಿದ್ದ ಜಲಜಮ್ಮ ಮಡಚಿದ ಕಾಲು ಕೆಳಗಿಳಿಸಿ ಕೂತಳು. "ಬೆಟ್ಟದಲ್ಲಿ ದನ ಬಿಟ್ಕಂಡು ಒಬ್ನೇ ಕೂತಿರ್ತೀನಲ್ಲ ಮೇಡಂ, ಒಂದು ಬೀಡಿ ಹಚ್ಚಿದ್ರೆ ಪಕ್ಕದಲ್ಲಿ ಯಾರೋ ಬಂದು ಕೂತಂಗಾಗ್ತದೆ."

ಈ ಸಲ ಯಾರೂ ನಗಲಿಲ್ಲ.

ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಸುಚಿತ್ರಾ ಒಂದೇ ವಿಷಯ ಯೋಚಿಸುತ್ತಿದ್ದಳು. ಹುಲಿಯಮ್ಮನನ್ನು ಕೇಳಿದರೆ ಏನು ಹೇಳಿಯಾರು? ಇಷ್ಟು ಸಲ ಹೋಗಿ ಬಂದರೂ ಅವರ ಬಗ್ಗೆ ತನಗೆ ಗೊತ್ತಿರುವುದು ಒಂದು ಕೆನ್ನೆ ಮಾತ್ರ ಎಂಬುದು ಅವಳಿಗೇ ವಿಚಿತ್ರವಾಗಿ ಕಂಡಿತು. ಆನಂದಪುರದಲ್ಲಿ ಇಳಿಯುವ ಹೊತ್ತಿಗೆ ಆ ಉತ್ತರ ಕೇಳದೆ ಊಟ ಸೇರದು ಎನ್ನುವಂತಾಗಿತ್ತು.

ಮರುದಿನ ಬೆಳಿಗ್ಗೆಯೇ ಜಲಜಮ್ಮನ ಜೊತೆ ಹೋದಳು. ಹುಲಿಯಮ್ಮ ಜಗಲಿಯಲ್ಲಿ ಚಾಪೆ ಹಾಸಿದರು, ನೀರು ಬೆಲ್ಲ ಕೊಟ್ಟರು, ಎಂದಿನಂತೆ ಎಲೆ ಅಡಿಕೆ ತಟ್ಟೆಯನ್ನು ತಂದು ನಡುವೆ ಇಟ್ಟರು. ಸುಚಿತ್ರಾಳ ಕೈ ಎಂದಿನಂತೆ ಅದನ್ನು ಆಚೆ ಸರಿಸಿತು. ಹೊಗೆಸೊಪ್ಪು ಬಿಡಿ ಎಂದು ಹೇಳಲು ಬಂದವಳು ಅದೇ ತಟ್ಟೆಗೆ ಕೈ ಹಾಕಿದರೆ ಚೆನ್ನಾಗಿರುತ್ತದೆಯೇ?

"ಹುಲಿಯಮ್ಮ, ಇವತ್ತು ನಾನು ಏನೂ ಹೇಳಕ್ಕೆ ಬಂದಿಲ್ಲ. ಕೇಳಕ್ಕೆ ಬಂದೆ."

"ಎಂತ ಕೇಳದು?"

"ನಾನು ಬಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಅನ್ಸುತ್ತೆ. ಯಾಕೆ ಅಂತ."

ಹುಲಿಯಮ್ಮ ಜಲಜಮ್ಮನ ಮುಖ ನೋಡಿದರು. ಜಲಜಮ್ಮ ತೊಲೆ ನೋಡಿದಳು. ಮಾತು ತುಂಬಿಸಲು ಸುಚಿತ್ರಾಳ ನಾಲಿಗೆ ತುಡಿಯುತ್ತಿತ್ತು. ಹಲ್ಲು ಕಚ್ಚಿ ಕೂತಳು.

"ಬೇಜಾರು ನಂಗಲ್ಲ ಸಿಸ್ಟ್ರೇ. ನಿಮಗೆ," ಎಂದರು ಹುಲಿಯಮ್ಮ ಕೊನೆಗೆ.

"ನನಗಾ?"

"ಮತ್ತೆ? ಬಂದಾಗೆಲ್ಲ ತಟ್ಟೆ ಆಚೆ ತಳ್ತೀರಿ. ಜಗಳ ಆದೋರು ಎಲೆ ಮುಟ್ಟಲ್ಲ. ನಿಮಗೂ ನಂಗೂ ಜಗಳ ಆಗಿಲ್ಲ. ಹಂಗಾದ್ರೆ ಇನ್ನೆಂತಕ್ಕೆ?" ಅವರ ದನಿ ಏರಲಿಲ್ಲ. "ನಮ್ಮ ಮಾವ ಒಡೇರ ಮನೆಗೆ ಗೇಣಿ ಕೊಡಕ್ಕೆ ಹೋದ್ರೆ ಅಂಗಳದಲ್ಲೇ ನಿಂತು ಬರ್ತಿದ್ರಂತೆ. ಈಗ ಗದ್ದೆ ನಮ್ದು, ಜಗಲಿ ನಮ್ದು. ಆದ್ರೂ ಗೌಡ್ರ ಮನೆ ಹುಡ್ಗಿ ನಮ್ಮನೆ ಎಲೆ ಮುಟ್ಟಲ್ಲ ಅಂತ ಅಂದ್ಕಂಡೆ. ಮುಟ್ಟದೋರ ಎದುರು ಬಾಯಿ ತೆರ್ಕಂಡು ಕೂರ್ಲಾ?"

ಹಾಗಲ್ಲ, ಹಾಗಲ್ಲವೇ ಅಲ್ಲ ಎಂದು ಸುಚಿತ್ರಾಳ ಗಂಟಲಿನವರೆಗೆ ಒಂದು ದೊಡ್ಡ ವಿವರಣೆ ಬಂತು. ತೀರ್ಥಹಳ್ಳಿಯ ಅವಳ ಮನೆಯಲ್ಲೂ ಇಂಥದೇ ತಟ್ಟೆಯಿದೆ. ಎಲೆ ಮುಟ್ಟದೆ ಎದ್ದುಹೋದ ನೆಂಟರ ವಿಷಯವನ್ನು ವರ್ಷಗಟ್ಟಲೆ ಎತ್ತಿ ಆಡುವುದನ್ನು ಕೇಳಿಯೇ ಬೆಳೆದವಳು ಅವಳು. ಸಿಸ್ಟರ್ ಆದ ಮೇಲೆ ತಟ್ಟೆಯಲ್ಲಿ ಹೊಗೆಸೊಪ್ಪು ಒಂದೇ ಕಾಣತೊಡಗಿತ್ತು.

ವಿವರಣೆಯನ್ನು ನುಂಗಿಕೊಂಡು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಒಂದು ಎಲೆ ಆರಿಸಿ, ತೊಟ್ಟು ಮುರಿದು, ಬೆನ್ನಿನ ನಾರು ಬಿಡಿಸಿದಳು. "ಅಡಿಕೆ, ಹೊಗೆಸೊಪ್ಪು ನಾನು ಹಾಕಲ್ಲ. ಎಲೆಗೆ ಒಂದು ಲವಂಗ ಇಟ್ಕೊಂಡ್ರೆ ನಡೆಯುತ್ತಾ?"

"ನಡೀದೆ ಏನು! ಎಲೆ ತಗಂಡ್ರಲ್ಲ, ಆತು." ಹುಲಿಯಮ್ಮ ತಾವೇ ಡಬ್ಬಿಯಿಂದ ಲವಂಗ ಹೆಕ್ಕಿ ಕೊಟ್ಟರು. ಬಾಯಿಗೆ ಅಡ್ಡವಿದ್ದ ಸೆರಗು ಯಾವಾಗ ಕೆಳಗೆ ಜಾರಿತೋ, ಅವರಿಗೇ ತಿಳಿಯಲಿಲ್ಲ.

ಬಾಯಲ್ಲಿ ಎಲೆ ಇದ್ದುದರಿಂದ ಸುಚಿತ್ರಾಳಿಗೆ ಹೆಚ್ಚು ಮಾತಾಡಲೂ ಆಗುತ್ತಿರಲಿಲ್ಲ. "ನೀವು ಯಾವಾಗೆಲ್ಲ ಹಾಕ್ತೀರಿ ಹುಲಿಯಮ್ಮ?" ಎಂದಷ್ಟೇ ಕೇಳಿದಳು.

"ಬಂದೋರ ಜೊತೆ. ಬೇಲಿ ಜಗಳ, ಗಂಡ ಹೆಂಡ್ತಿ ಜಗಳ, ಹೆಣ್ಣು ಕೇಳೋ ಮಾತು, ಎಲ್ಲ ಈ ಜಗಲಿಗೇ ಬರ್ತದೆ. ಅವ್ರಿಗೆ ತಟ್ಟೆ ಕೊಟ್ಟು ನಾನು ಸುಮ್ನೆ ಕೂತ್ರೆ ಮನಸು ಬಿಚ್ತಾರಾ?"

"ಬಂದೋರ ಜೊತೆ ಕೂರಕ್ಕೆ ಹಾಕ್ತೀರಿ."

"ಹೌದು." ಹುಲಿಯಮ್ಮ ಲವಂಗದ ಡಬ್ಬಿಯ ಮುಚ್ಚಳ ಹಾಕಿದರು. "ಅಷ್ಟೇ ಅಂದ್ರೆ ಸುಳ್ಳಾಗ್ತದೆ ಮಾರಾಯ್ತಿ. ಬೆಳಗಾಗೆದ್ದು ಯಾರೂ ಬರದಕ್ಕಿಂತ ಮುಂಚೆನೂ ಹಾಕ್ತೀನಿ. ಇಲ್ದಿದ್ರೆ ತಲೆ ಹಿಡ್ಕಂತದೆ."

ಸಿಸ್ಟ್ರೇ ಎನ್ನುವುದು ಹೋಗಿ ಮಾರಾಯ್ತಿ ಬಂದಿತ್ತು.

"ಅದ್ರಿಂದ ತೊಂದ್ರೆ ಅಂತ ಏನಾದ್ರೂ ಅನ್ಸಿದೆಯಾ?"

ಮೊಬೈಲಿನ ಚಿತ್ರಗಳ ಹೆದರಿಕೆ ಹೇಳುತ್ತಾರೆ ಎಂದುಕೊಂಡಿದ್ದಳು ಸುಚಿತ್ರಾ. ಹುಲಿಯಮ್ಮ ಹೇಳಿದ್ದೇ ಬೇರೆ. "ಖಾರ ತಿನ್ನಕ್ಕಾಗಲ್ಲ. ಸೂಜಿಮೆಣಸು ನಾಲಿಗೆಗೆ ತಾಗಿದ್ರೆ ಈ ಕೆನ್ನೆ ಬೆಂಕಿ ಬಿದ್ದಂಗೆ ಉರೀತದೆ. ಹೋದ ಮಳೆಗಾಲ ಏಡಿ ಚಟ್ನಿ ಅರೆದು ಮನೆಯೋರಿಗೆಲ್ಲ ಬಡಿಸ್ದೆ. ನಾನು ಮಜ್ಜಿಗೆ ಅನ್ನ ಉಂಡೆ. ಏಡಿ ಚಟ್ನಿ ಇಲ್ದೆ ಮಳೆಗಾಲ ಅಂದ್ರೆ ಅದೆಂತ ಮಳೆಗಾಲ, ಹೇಳು!"

"ಉರಿ ಆಗ್ಲೇ ಶುರುವಾಗಿತ್ತಾ?" ಸುಚಿತ್ರಾ ಅಗಿಯುವುದನ್ನು ನಿಲ್ಲಿಸಿದಳು.

"ಆಗ್ಲೇ. ಯಾರಿಗೂ ಹೇಳಿಲ್ಲ. ಈ ಮಳೆ ಹಿಡಿಯದ್ರೊಳಗೆ ಸರಿಯಾಗ್ತದಾ?"

ಸರಿಯಾಗುತ್ತದೆ ಎಂದು ಹೇಳಿಬಿಡುವುದು ಸುಲಭವಿತ್ತು. "ಗೊತ್ತಿಲ್ಲ ಹುಲಿಯಮ್ಮ. ನಿಜವಾಗ್ಲೂ ಗೊತ್ತಿಲ್ಲ. ಪರೀಕ್ಷೆ ಆಗದೆ ಯಾರಿಗೂ ಗೊತ್ತಾಗಲ್ಲ. ನನಗೆ ಗೊತ್ತಿರೋ ಒಂದು ಮಾತು ಹೇಳ್ಲಾ?"

"ಹೇಳು."

"ಹೊಗೆಸೊಪ್ಪು ಬೀಳ್ತಾ ಇರೋವರೆಗೆ ಆ ಕೆನ್ನೆಗೆ ಮಾಯಕ್ಕೆ ಬಿಡುವೇ ಸಿಗಲ್ಲ. ಅಡಿಕೆನೂ ಅದಕ್ಕೆ ಒಳ್ಳೇದಲ್ಲ."

ಹುಲಿಯಮ್ಮ ಜಗಲಿಯ ಅಂಚಿಗೆ ಸರಿದರು. ಆಮೇಲೆ ಬೆಳಕಿನ ಕಡೆ ತಿರುಗಿ, ಕಣ್ಣು ಮುಚ್ಚಿಕೊಂಡು, ಬಾಯಿ ಅಗಲಿಸಿದರು. ಸುಚಿತ್ರಾ ಗಡಬಡಿಸಿ ಎಲೆಯನ್ನು ಅಂಗಳಕ್ಕೆ ಉಗಿದು, ಕೈ ತೊಳೆದು, ಮೊಬೈಲಿನ ಬೆಳಕು ಹಾಕಿ ನೋಡಿದಳು. ಕಲೆ ಶಿಬಿರದಲ್ಲಿ ಕಂಡಷ್ಟೇ ಇರಲಿಲ್ಲ. ಅಂಚಿನಲ್ಲಿ ಕೆಂಪು ಹತ್ತಿತ್ತು.

"ದೊಡ್ಡದಾಗಿದ್ಯಾ?"

"ಸ್ವಲ್ಪ ಆಗಿದೆ."

"ಹ್ಞಂ." ಹುಲಿಯಮ್ಮ ಬಾಯಿ ಒರೆಸಿಕೊಂಡು ತಟ್ಟೆಯಿಂದ ಹೊಗೆಸೊಪ್ಪಿನ ಎಸಳನ್ನು ಎತ್ತಿದರು. "ಇದನ್ನ ಒಳಗಿಡ್ತೀನಿ. ಬಿಟ್ಟೆ ಅಂತ ಹೇಳಲ್ಲ, ನಾಳೆ ಬೆಳಿಗ್ಗೆ ತಲೆ ಹಿಡಿದ್ರೆ ನಿಂಗೇ ಫೋನ್ ಮಾಡ್ತೀನಿ, ನೋಡ್ಕ. ಬಂದೋರಿಗೆ ಎಲೆ ಲವಂಗ ಕೊಡ್ತೀನಿ, ಸಿಸ್ಟ್ರೇ ಅದನ್ನ ತಿಂದು ಹೋಗ್ಯಾರೆ ಅಂತೀನಿ. ಶಿವಮೊಗ್ಗಕ್ಕೆ ನೀನೂ ಬರ್ಬೇಕು."

"ಬರ್ತೀನಿ. ನಾಳೆನೇ ಹೋಗಾಣ."

"ಈ ಜಲಜನೂ ಬರ್ಲಿ."

"ನಾನೆಂತಕ್ಕೆ? ನಂಗೇನಾಗಿದೆ?" ಎಂದಳು ಜಲಜಮ್ಮ ಥಟ್ಟನೆ.

"ಸೆರಗಿನ ಗಂಟಲ್ಲಿ ಏನು ಕಟ್ಕಂಡೀಯ ಅಂತ ನಂಗೆ ಗೊತ್ತಿಲ್ವೇನೆ? ನನ್ನ ತಟ್ಟೆ ಹೊಗೆಸೊಪ್ಪೇ ಅಲ್ವ ಅದು!"

ಜಲಜಮ್ಮನ ಕೈ ತಾನಾಗಿಯೇ ಸೆರಗನ್ನು ಮುಚ್ಚಿಕೊಂಡಿತು. ಸುಚಿತ್ರಾ ದಂಗಾಗಿ ಅವಳ ಕಡೆ ತಿರುಗಿದಳು. ಇಷ್ಟು ಕಾಲ ಜೊತೆಯಲ್ಲಿ ತಿರುಗಿದವಳು! ಶ್ವಾಸಕೋಶ, ರಕ್ತನಾಳ, ಮಕ್ಕಳ ಭವಿಷ್ಯ ಎಲ್ಲವೂ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು.

ತಟ್ಟೆಯಿಂದ ಇನ್ನೊಂದು ಎಲೆ ತೆಗೆದು, ನಿಧಾನಕ್ಕೆ ನಾರು ಬಿಡಿಸಿ, ಜಲಜಮ್ಮನ ಮುಂದೆ ಹಿಡಿದಳು.

"ಹೇಳು ಜಲಜಕ್ಕ," ಎಂದಳು. "ನೀನು ಯಾವಾಗ ಹಾಕ್ತೀಯ?"